ಬೀಗ ಹಾಕಿದ ಮನೆಗಳ ಮಕ್ಕಳು

ಗುಂಡ್ಲುಪೇಟೆಯ ಮಕ್ಕಳು ನಾಲ್ಕೇ ವರ್ಷದಲ್ಲಿ ಚಾಮರಾಜನಗರದ ಮಕ್ಕಳನ್ನು ಎತ್ತರದಲ್ಲಿ ಹಿಂದೆ ಹಾಕಿದ್ದಾರೆ ಎಂದು ಕರಡು ವರದಿ ಹೇಳುತ್ತಿತ್ತು. ಅದಕ್ಕೆ ನಾನು ಸಹಿ ಮಾಡಬೇಕಿತ್ತು.

ಸಹಿ ಇಡೀ ವರದಿಗಲ್ಲ, ಕೊನೆಯ ಒಂದು ಪುಟಕ್ಕೆ. ಎರಡೂ ತಾಲ್ಲೂಕುಗಳಲ್ಲಿ ಅಳತೆ ನಿಯಮದ ಪ್ರಕಾರ ನಡೆದಿದೆ, ಎರಡು ಸುತ್ತಿನ ಅಂಕಿಗಳನ್ನು ಒಂದರ ಪಕ್ಕ ಒಂದಿಟ್ಟು ಹೋಲಿಸಬಹುದು ಎಂಬ ಎರಡು ಸಾಲಿನ ಪ್ರಮಾಣಪತ್ರ. ಮಕ್ಕಳ ಸ್ಥಿತಿಗತಿಯ ಆ ಅಧ್ಯಯನದಲ್ಲಿ ನಾನು ಅಳತೆಯ ಮೇಲ್ವಿಚಾರಕಿಯಾಗಿದ್ದೆ. ಐದು ವರ್ಷದೊಳಗಿನ ಮಕ್ಕಳ ಎತ್ತರ, ತೂಕ, ತೋಳಿನ ಸುತ್ತಳತೆ ತೆಗೆಯುವವರಿಗೆ ತರಬೇತಿ ಕೊಡುವುದು, ಹಲಗೆ ತಕ್ಕಡಿಗಳು ಸರಿಯಿವೆಯೇ ನೋಡುವುದು, ಅಳೆದ ಮನೆಗಳಲ್ಲಿ ಹತ್ತಕ್ಕೊಂದರಂತೆ ಮತ್ತೆ ಹೋಗಿ ಅಳೆದು ತಾಳೆ ನೋಡುವುದು ನನ್ನ ಪಾಲಿನ ಕೆಲಸ. ನಾಲ್ಕು ವರ್ಷದ ಹಿಂದಿನ ಮೊದಲ ಸುತ್ತಿನಲ್ಲೂ ಇದನ್ನೇ ಮಾಡಿದ್ದೆ.

ಆ ಮೊದಲ ಸುತ್ತಿನಲ್ಲಿ ಗುಂಡ್ಲುಪೇಟೆ ತಾಲ್ಲೂಕಿನ ಕಾಡಂಚಿನ ಊರುಗಳು ಎಲ್ಲಕ್ಕಿಂತ ಕೆಳಗಿದ್ದವು. ಆ ಕಾರಣಕ್ಕೇ ಅಲ್ಲಿನ ಕೆಲವು ಅಂಗನವಾಡಿಗಳಿಗೆ ಹೆಚ್ಚುವರಿ ಮೊಟ್ಟೆ, ಹಾಲು, ತಿಂಗಳಿಗೊಮ್ಮೆ ನರ್ಸಮ್ಮನ ಭೇಟಿ ಶುರುವಾಗಿತ್ತು. ಈಗಿನ ಕರಡಿನ ಕೊನೆಯ ಅಧ್ಯಾಯದಲ್ಲಿ ಒಂದು ಸಾಲಿತ್ತು: ಗುರಿ ತಲುಪಿರುವ ಪ್ರದೇಶಗಳಿಂದ ಈ ಸೌಲಭ್ಯವನ್ನು ಹಿಂದಕ್ಕೆ ಪಡೆಯಬಹುದು.

ತೂಕವಾದರೆ ಒಂದು ಜ್ವರಕ್ಕೆ ಇಳಿಯುತ್ತದೆ, ಒಂದು ತಿಂಗಳ ಒಳ್ಳೆಯ ಊಟಕ್ಕೆ ಏರುತ್ತದೆ. ಎತ್ತರ ಹಾಗಲ್ಲ. ಮಗು ಹೊಟ್ಟೆಯಲ್ಲಿದ್ದಾಗಿನಿಂದ ತಾಯಿ ಉಂಡದ್ದು, ಮಗು ಉಂಡದ್ದು, ಭೇದಿಯಾಗಿ ಕಳೆದುಕೊಂಡದ್ದು ಎಲ್ಲವೂ ಸೇರಿ ಮೂಳೆಯಲ್ಲಿ ಕೂತಿರುತ್ತದೆ. ಒಂದು ಇಡೀ ತಾಲ್ಲೂಕಿನ ಮಕ್ಕಳು ನಾಲ್ಕು ವರ್ಷದಲ್ಲಿ ಅಷ್ಟು ಬೆಳೆದುಬಿಟ್ಟರೆ ಸಂತೋಷಪಡಬೇಕು, ನಿಜ. ಆದರೆ ನನಗೆ ಸಂತೋಷವಾಗಲಿಲ್ಲ. ಅಳತೆ ತಪ್ಪಿದೆ ಅನ್ನಿಸಿತು.

ತಪ್ಪಿರುವುದು ಹಲಗೆಯಲ್ಲಿ ಎಂದುಕೊಂಡೆ. ಎತ್ತರದ ಹಲಗೆ ನೋಡಲು ಸರಳ. ಬೆನ್ನಿಗೆ ಒಂದು ಹಲಗೆ, ಕಾಲಿಗೆ ಒಂದು ಪೀಠ, ತಲೆಯ ಮೇಲೆ ಸರಿದು ಕೂರುವ ಇನ್ನೊಂದು ಚೂರು. ಆದರೆ ಪೀಠದ ತಿರುಪು ಒಂದು ಸುತ್ತು ಸಡಿಲವಾದರೂ ಲೆಕ್ಕ ಕೆಡುತ್ತದೆ. ಎರಡು ವರ್ಷದೊಳಗಿನ ಮಕ್ಕಳನ್ನು ಮಲಗಿಸಿ ಅಳೆಯಬೇಕು, ದೊಡ್ಡವರನ್ನು ನಿಲ್ಲಿಸಿ. ಮಲಗಿಸಿದರೆ ಅದೇ ಮಗು ಸ್ವಲ್ಪ ಉದ್ದ ಬರುತ್ತದೆ. ನಿಲ್ಲಿಸಬೇಕಾದ ಮಕ್ಕಳನ್ನೆಲ್ಲ ಮಲಗಿಸಿ ಅಳೆದಿದ್ದರೆ ಊರಿಗೆ ಊರೇ ಬೆಳೆದಂತೆ ಕಾಣುತ್ತದೆ. ಚಾಮರಾಜನಗರದ ನಮ್ಮ ಬಾಡಿಗೆ ಕಚೇರಿಯ ನೆಲದ ಮೇಲೆ ನಾಲ್ಕೂ ಹಲಗೆಗಳನ್ನು ಸಾಲಾಗಿಟ್ಟು, ಅಳತೆ ಗೊತ್ತಿರುವ ಉಕ್ಕಿನ ಸರಳನ್ನು ಒಂದೊಂದರ ಮೇಲೂ ಮಲಗಿಸಿ ನೋಡಿದೆ. ನಾಲ್ಕೂ ಸರಿಯಾಗಿದ್ದವು.

ಆಮೇಲೆ ಚಾಮರಾಜನಗರದ ಅಂಕಿಯೇ ತಪ್ಪಿ ಕೆಳಗೆ ಬಂದಿರಬಹುದೇ ಎಂದು ಉಡಿಗಾಲಕ್ಕೂ ಹರದನಹಳ್ಳಿಗೂ ಹೋದೆ. ಹರದನಹಳ್ಳಿಯಲ್ಲಿ ಅರಿಶಿನ ಬೇಯಿಸುತ್ತಿದ್ದ ಒಂದು ಮನೆಯ ಹಿತ್ತಲಲ್ಲಿ ಅಜ್ಜಿಯೊಬ್ಬರು ಮೊಮ್ಮಗನನ್ನು ಕಂಕುಳಲ್ಲಿ ಎತ್ತಿಕೊಂಡು ಬಂದರು. ಹುಟ್ಟಿದ ದಿನ ಕೇಳಿದೆ. ಎತ್ತರಕ್ಕೆ ಅರ್ಥ ಬರುವುದೇ ವಯಸ್ಸು ಸರಿಯಿದ್ದಾಗ. ಒಂದೆರಡು ತಿಂಗಳು ತಪ್ಪಿದರೂ ಚೆನ್ನಾಗಿರುವ ಮಗು ಕುಳ್ಳ ಆಗುತ್ತದೆ, ಕುಳ್ಳಗಿರುವ ಮಗು ಚೆನ್ನಾಗಿದೆ ಎಂದಾಗುತ್ತದೆ.

"ಕಾರ್ಡ್‌ನಾಗ ಬರ್ದಿರದು ಸುಳ್ಳು ಕಣವ್ವ," ಅಂದರು ಅಜ್ಜಿ. "ಆಸ್ಪತ್ರಲಿ ಒಂದಿನ ತಡ್ವಾಗಿ ಬರ್ದ್ಬುಟ್ರು. ಇವ್ನು ಉಟ್ಟಿದ್ದು ಸೋಮ್ವಾರ. ಅವತ್ತು ನಾನು ಒಪ್ಪತ್ತಿದ್ದೆ, ನಂಗ ಗೊತ್ತಿಲ್ವಾ?"

ಒಂದು ದಿನದ ತಪ್ಪನ್ನು ನಾಲ್ಕು ವರ್ಷ ನೆನಪಿಟ್ಟುಕೊಂಡ ಆ ಮನೆಯಲ್ಲಿ ನಮ್ಮವರು ತೆಗೆದಿದ್ದ ಅಳತೆಗೂ ನಾನು ತೆಗೆದ ಅಳತೆಗೂ ಎರಡೇ ಮಿಲಿಮೀಟರ್ ವ್ಯತ್ಯಾಸ. ಉಡಿಗಾಲದಲ್ಲೂ ಅಷ್ಟೇ. ಚಾಮರಾಜನಗರದ ಅಂಕಿ ಸರಿಯಾಗಿತ್ತು.

ಉಳಿದದ್ದು ಗುಂಡ್ಲುಪೇಟೆಯ ಅಳತೆಗಾರ. ಮೂವತ್ತು ದಾಟಿದ ಗಂಭೀರ ಮನುಷ್ಯ, ಹೆಚ್ಚು ಮಾತಿಲ್ಲ. ಮೊದಲ ಸುತ್ತಿನಲ್ಲೂ ಅಲ್ಲಿ ಅಳೆದವನು ಅವನೇ. ನಾನು ಅವನನ್ನು ಕಚೇರಿಗೆ ಕರೆಸಿ, ಕೂರಿ ಎಂದೂ ಹೇಳದೆ ಕೇಳಿಬಿಟ್ಟೆ: "ನಿಜ ಹೇಳಿ, ಮಕ್ಕಳನ್ನ ನಿಲ್ಲಿಸಿ ಅಳೆದಿದ್ದೀರಾ, ಇಲ್ಲ ಅಂದಾಜಲ್ಲಿ ಬರೆದಿದ್ದೀರಾ?"

ಅವನ ಮುಖ ಕಪ್ಪಿಟ್ಟಿತು. "ಮೇಡಂ, ನೀವೇ ಬಂದು ತಾಳೆ ನೋಡಿದ್ರಲ್ಲ. ಹನ್ನೊಂದು ಮನೆ ನೋಡಿದ್ರಿ. ಒಂದರಲ್ಲೂ ತಪ್ಪು ಸಿಕ್ಕಿರ್ಲಿಲ್ಲ."

ನಿಜ, ಸಿಕ್ಕಿರಲಿಲ್ಲ. ನಾನು ನೋಡಿದ್ದು ಅವನು ಅಳೆದ ಮನೆಗಳನ್ನು. ಅಳೆಯದ ಮನೆಗಳನ್ನು ನೋಡುವುದು ನನ್ನ ಕೆಲಸದ ಪಟ್ಟಿಯಲ್ಲೇ ಇರಲಿಲ್ಲ.

"ಅಳತೆ ತಪ್ಪಿಲ್ಲ ಮೇಡಂ," ಅಂದ ಅವನು. "ಮನೆ ಬೇರೆ. ನಾನು ಬರೆದಿದ್ದೀನಿ. ನೀವ್ಯಾರೂ ಓದಿಲ್ಲ."

ಮೂಲ ಹಾಳೆಗಳು ಕಬ್ಬಿಣದ ಬೀರುವಿನಲ್ಲಿದ್ದವು. ಇಬ್ಬರೂ ನೆಲದ ಮೇಲೆ ಕೂತು ತೆಗೆದೆವು. ಪ್ರತಿ ಊರಿನಲ್ಲೂ ಐದು ವರ್ಷದೊಳಗಿನ ಮಕ್ಕಳಿರುವ ಮನೆಗಳ ಪಟ್ಟಿ ಮಾಡಿ ಅದರಿಂದ ಚೀಟಿ ಎತ್ತಿದಂತೆ ಕೆಲವನ್ನು ಆರಿಸುತ್ತೇವೆ. ಆರಿಸಿದ ಮನೆಗೆ ಮೂರು ಸಲ ಹೋದರೂ ಬೀಗ ಹಾಕಿದ್ದರೆ, ಮೂರು ಎಂಬ ಸಂಕೇತ ಬರೆದು, ಬಲಗಡೆಗೆ ನಡೆದು ಮೊದಲು ಸಿಗುವ, ಬಾಗಿಲು ತೆರೆದಿರುವ, ಮಗುವಿರುವ ಮನೆಯನ್ನು ಬದಲಿಯಾಗಿ ತೆಗೆದುಕೊಳ್ಳಬಹುದು. ಇದು ನಿಯಮ. ಹತ್ತಾರು ಅಧ್ಯಯನಗಳಲ್ಲಿ ಇದೇ ನಿಯಮವನ್ನು ನಾನೇ ಕಲಿಸಿದ್ದೆ.

ಕಾಡಂಚಿನ ನಾಲ್ಕು ಊರುಗಳ ಹಾಳೆಗಳಲ್ಲಿ ಮೂರು ಎಂಬ ಸಂಕೇತವಿದ್ದವುಗಳನ್ನು ಬೇರೆ ಮಾಡಿದೆವು. ಮೂವತ್ತೊಂದು ಹಾಳೆ. ಒಂದೊಂದರ ಕೆಳಗೂ 'ಷರಾ' ಎಂಬ ಟಿಪ್ಪಣಿಯ ಜಾಗದಲ್ಲಿ ಅವನ ಚಿಕ್ಕ ದುಂಡಗಿನ ಅಕ್ಷರ: ಕೇರಳಕ್ಕೆ ಶುಂಠಿ ಕೀಳಲು ಹೋಗಿದ್ದಾರೆ, ಮಕ್ಕಳೂ ಜೊತೆಗೆ. ಕೊಡಗಿಗೆ ಕಾಫಿ ಕುಯ್ಲಿಗೆ, ಮಕ್ಕಳೂ ಜೊತೆಗೆ. ಕೇರಳಕ್ಕೆ. ಕೇರಳಕ್ಕೆ.

ಗಣಕಯಂತ್ರಕ್ಕೆ ಏರಿಸುವಾಗ ಷರಾ ಜಾಗಕ್ಕೆ ಅಲ್ಲಿ ಅಂಕಣವೇ ಇರಲಿಲ್ಲ. ಸಂಕೇತ ಮಾತ್ರ ಹೋಯಿತು. ಬೀಗ ಮಾತ್ರ ಹೋಯಿತು.

ಮೊದಲ ಸುತ್ತು ನಡೆದದ್ದು ಆಷಾಢ ಶ್ರಾವಣದಲ್ಲಿ. ಆಗ ಕೂಲಿ ಮಾಡುವ ಕುಟುಂಬಗಳೆಲ್ಲ ಊರಲ್ಲಿರುತ್ತವೆ. ಎರಡನೇ ಸುತ್ತಿಗೆ ಮಂಜೂರಾತಿ ಬರುವುದು ತಡವಾಗಿ, ತಡವಾದದ್ದಕ್ಕೆ ಆತುರವಾಗಿ, ಸುಗ್ಗಿಯ ಕಾಲದಲ್ಲಿ ನಡೆಸಿದೆವು. ಆಗ ಅವರೆಲ್ಲ ಕಾಡಿನ ಆಚೆಗೆ ಹೋಗಿರುತ್ತಾರೆ. ಬಲಗಡೆಗೆ ನಡೆದರೆ ತೆರೆದ ಬಾಗಿಲು ಸಿಗುವುದು ಯಾರದು? ಹೋಗಬೇಕಾದ ಅಗತ್ಯವಿಲ್ಲದವರದು. ಬೋರ್‌ವೆಲ್ ಇರುವ, ಹಸು ಕಟ್ಟಿರುವ, ಮಗುವಿಗೆ ಮನೆಯ ಹಾಲು ಸಿಗುವ ಮನೆ. ಅತಿ ಬಡವರ ಮಗುವಿನ ಜಾಗದಲ್ಲಿ ಊರಗೌಡರ ಮೊಮ್ಮಗನನ್ನು ನಿಲ್ಲಿಸಿ ಅಳೆದು, ನೋಡಿ ಎಷ್ಟು ಬೆಳೆದಿದ್ದಾನೆ ಎಂದು ಚಪ್ಪಾಳೆ ತಟ್ಟಿಕೊಳ್ಳುತ್ತಿದ್ದೆವು. ಆ ಚಪ್ಪಾಳೆಗೆ ಬೆಲೆಯಾಗಿ ಬಡವರ ಮಗುವಿನ ಮೊಟ್ಟೆಯನ್ನು ಕಿತ್ತುಕೊಳ್ಳಲು ಹೊರಟಿದ್ದೆವು.

ಅಳತೆಗಾರನಿಗೆ ಕ್ಷಮೆ ಕೇಳಿದೆ. ಅವನು ಹಾಳೆಗಳನ್ನು ಜೋಡಿಸುತ್ತ, "ಕೇಳೋದಾದ್ರೆ ಈ ಬೀಗದ ಮನೆಯವ್ರನ್ನ ಕೇಳಿ ಮೇಡಂ," ಅಂದ.

ಮಾರನೆಯ ದಿನ ರೈಲು ಹತ್ತಿ ಮೈಸೂರಿಗೆ ಹೋಗಿ ಅಧ್ಯಯನದ ನಿರ್ದೇಶಕರ ಮುಂದೆ ಹಾಳೆಗಳ ಕಟ್ಟು ಇಟ್ಟೆ. ಅವರು ಕೆಟ್ಟ ಮನುಷ್ಯರಲ್ಲ. ಅಂಕಿಗಳ ವಿಷಯದಲ್ಲಿ ನನಗಿಂತ ಹೆಚ್ಚು ತಿಳಿದವರು. ಒಂದೊಂದೇ ಹಾಳೆ ತಿರುವಿದರು. ಆಮೇಲೆ, "ಬದಲಿ ಮನೆಗೆ ನಿಯಮದಲ್ಲೇ ಅವಕಾಶ ಇದೆಯಲ್ಲಾ," ಅಂದರು.

"ಅಲ್ಲೊಂದು ಇಲ್ಲೊಂದು ಬೀಗ ಇದ್ದರೆ ಅವಕಾಶ ಸರ್. ಒಂದೇ ಥರದ ಜನ ಒಟ್ಟಿಗೆ ಬೀಗ ಹಾಕಿಕೊಂಡು ಹೋದರೆ?"

"ಅದನ್ನ ಈಗ ಎಲ್ಲಿ ಸರಿಪಡಿಸೋದು? ಎರಡು ವಾರದಲ್ಲಿ ವರದಿ ಒಪ್ಪಿಸಬೇಕು. ಜಿಲ್ಲೆಯಲ್ಲಿ ಸಭೆ ಗೊತ್ತಾಗಿದೆ. ನೀವು ಸಹಿ ಮಾಡಿ, ಒಳಗಡೆ ಎಲ್ಲಾದ್ರೂ ಒಂದು ಮಾತು ಸೇರಿಸೋಣ."

"ಆ ಮಕ್ಕಳ ಊಟ ನಿಂತುಹೋಗುತ್ತೆ."

"ಅದು ನಮ್ಮ ತೀರ್ಮಾನ ಅಲ್ಲ. ನಾವು ಅಳೀತೀವಿ, ಅಷ್ಟೇ."

ಮನೆಗೆ ಬರುವ ರೈಲಿನಲ್ಲಿ ಆ ಮಾತು ತಲೆಯೊಳಗೆ ಕುದಿಯುತ್ತಿತ್ತು. ನಾವು ಅಳೆಯುತ್ತೇವೆ ಅಷ್ಟೇ! ಅಳೆದಿದ್ದರೆ ತಾನೆ? ನಂಜನಗೂಡು ದಾಟುವ ಹೊತ್ತಿಗೆ ಒಂದು ನಿರ್ಧಾರಕ್ಕೆ ಬಂದಿದ್ದೆ. ಮೂರು ದಿನ ರಜೆ ಬರೆದುಕೊಟ್ಟು, ಆ ಮಕ್ಕಳಿದ್ದಲ್ಲಿಗೇ ಹೋಗುವುದು. ಹಲಗೆಯ ಕೆಲಸಕ್ಕೆ ಇಬ್ಬರು ಬೇಕು. ಒಬ್ಬರು ಕಾಲು, ಮೊಣಕಾಲು ಹಿಡಿಯಬೇಕು, ಇನ್ನೊಬ್ಬರು ಗದ್ದ ಹಿಡಿದು ತಲೆಯ ಹಲಗೆ ಸರಿಸಿ ಓದಬೇಕು. ಅಳತೆಗಾರನಿಗೆ ಫೋನ್ ಮಾಡಿದೆ. "ನಾನೂ ರಜೆ ಹಾಕ್ತೀನಿ ಮೇಡಂ," ಅಂದ. ಇನ್ನೇನೂ ಕೇಳಲಿಲ್ಲ.

ಗುಂಡ್ಲುಪೇಟೆಯಲ್ಲಿ ಬಸ್ಸಿಳಿದು ನಾಲ್ಕು ಊರುಗಳಲ್ಲಿ ದೊಡ್ಡದಾದ ಊರಿನ ಅಂಗನವಾಡಿಗೆ ಮೊದಲು ಹೋದೆವು. ಅಲ್ಲಿ ಆರೇಳು ಮಕ್ಕಳು ಕೂತಿದ್ದವು. ಕಾರ್ಯಕರ್ತೆ ಐವತ್ತರ ಆಸುಪಾಸಿನ ಹೆಂಗಸು, ಅದೇ ಊರಿನವರು. ಬಂದ ವಿಷಯ ಹೇಳುತ್ತಿದ್ದಂತೆ ಸೌಟು ಕೆಳಗಿಟ್ಟರು.

"ಎತ್ತರ ಆಗವ್ರೆ ಅಂದ್ರಾ ನಮ್ ಮಕ್ಳು? ಯಾರಮ್ಮ ಅಂದೋರು?"

"ನಮ್ಮ ವರದಿಲಿ ಹಾಗೆ ಬಂದಿದೆ."

"ನಂಗ ಒಂದು ಮಾತು ಕೇಳ್ಬಾರ್ದಾಗಿತ್ತಾ? ಇಲ್ಲಿ ನೋಡಿ ರಿಜಿಸ್ಟ್ರು. ಕಾರ್ತೀಕ ಕಳದ ಮ್ಯಾಲ ಅರ್ಧಕ್ಕರ್ಧ ಕೂಸ್ಗಳು ಇಲ್ಲ. ಅಪ್ಪ ಅವ್ವನ ಜೊತ್ಗ ಓಗ್ಬುಡ್ತಾವ. ಯುಗಾದಿಗ್ ಬತ್ತಾವ. ಬರವಾಗ ಹೆಂಗ್ ಬತ್ತಾವ ಗೊತ್ತಾ? ಕೈಕಾಲು ಕಡ್ಡಿ ಆಗಿರ್ತವ. ನಾನು ಮಳೆಗಾಲ ಪೂರ ಮೊಟ್ಟ ಹಾಲು ಕೊಟ್ಟು ಅಷ್ಟೋ ಇಷ್ಟೋ ಎದ್ದೇಳುಸ್ತೀನಿ, ಮತ್ತ ಕರ್ಕಂಡ್ ಓಯ್ತಾರ. ಈಗ ಅದೂ ಬ್ಯಾಡ ಅಂತೀರಾ? ಬೀಗ ಎಷ್ಟು ತೂಗ್ತು ಅಂತ ಬರ್ಕಂಡ್ರಮ್ಮ?"

ಬೈದು ಸುಸ್ತಾದ ಮೇಲೆ ಅವರೇ ತಮ್ಮ ಫೋನ್ ತೆಗೆದು, ಮೊಬೈಲ್ ನಂಬರುಗಳನ್ನು ಹೇಳತೊಡಗಿದರು. ಯಾರು ಯಾವ ಶುಂಠಿ ಹೊಲದಲ್ಲಿದ್ದಾರೆ, ಯಾವ ಬಸ್ ಸ್ಟಾಪಿನಲ್ಲಿ ಇಳಿಯಬೇಕು, ಯಾವ ಮೇಸ್ತ್ರಿ ಒಳ್ಳೆಯವನು ಎಲ್ಲವೂ ಅವರಿಗೆ ಗೊತ್ತಿತ್ತು. ನಮ್ಮ ಅಧ್ಯಯನದ ಯಾರೂ ಅವರನ್ನು ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

ಮಾರನೆಯ ಬೆಳಿಗ್ಗೆ ಕೇರಳದ ಬತ್ತೇರಿಗೆ ಹೋಗುವ ಬಸ್ಸಿನಲ್ಲಿ ಹಲಗೆಗೆ ಒಂದು ಸೀಟು ಸಿಗಲಿಲ್ಲ. ಕಾಡು ದಾಟುವ ತನಕ ಅಳತೆಗಾರ ಅದನ್ನು ಎದೆಗೆ ಒರಗಿಸಿಕೊಂಡು ನಿಂತೇ ಬಂದ.

ಮೊದಲ ಹೊಲದಲ್ಲಿ ಮೇಸ್ತ್ರಿ ನಮ್ಮನ್ನು ಒಳಗೆ ಬಿಡಲಿಲ್ಲ. ಅರ್ಧ ಮಲಯಾಳ ಅರ್ಧ ಕನ್ನಡದಲ್ಲಿ, "ಸರ್ವೇ ಎಲ್ಲಾ ಊರಲ್ಲಿ ಮಾಡ್, ಇಲ್ಲಿ ವೇಂಡ" ಅಂದ. ಮಕ್ಕಳನ್ನು ಕೆಲಸಕ್ಕೆ ಹಚ್ಚಿದ್ದಾನೆಂದು ಹಿಡಿಯಲು ಬಂದವರು ಅಂದುಕೊಂಡಿದ್ದ. ನನ್ನ ಬಳಿ ಆ ರಾಜ್ಯದಲ್ಲಿ ಅಳೆಯಲು ಯಾವ ಕಾಗದವೂ ಇರಲಿಲ್ಲ, ಅವನನ್ನು ದೂರುವಂತಿರಲಿಲ್ಲ. ಎರಡು ಗಂಟೆ ಗೇಟಿನ ಹತ್ತಿರ ಕೂತು ವಾಪಸ್ ಹೊರಟೆವು.

ಎರಡನೇ ಹೊಲದ ಮೇಸ್ತ್ರಿ ಗುಂಡ್ಲುಪೇಟೆಯ ಕಡೆಯವನೇ. ಅಂಗನವಾಡಿಯವರ ಹೆಸರು ಹೇಳಿದ್ದೇ ತಡ, "ಬನ್ನಿ ಬನ್ನಿ, ಊಟದ ಒತ್ಗ ಎಲ್ರೂ ಸಿಕ್ತರ" ಅಂದ. ನೀಲಿ ಟಾರ್ಪಾಲಿನ ಹನ್ನೆರಡು ಗುಡಾರಗಳು. ಮಣ್ಣು ಅಗೆದು ಮೆತ್ತಗಾದ ನೆಲದಲ್ಲಿ ತಕ್ಕಡಿ ನಿಲ್ಲಲಿಲ್ಲ. ಪ್ರತಿ ಸಲ ಬೇರೆ ತೂಕ ತೋರಿಸಿತು. ಕೊನೆಗೆ ಪಂಪಿನ ಮನೆಯ ಸಿಮೆಂಟು ಕಟ್ಟೆಯನ್ನು ಗುಡಿಸಿ ಅಲ್ಲಿ ಹಲಗೆ, ತಕ್ಕಡಿ ಇಟ್ಟೆವು. ನೀರು ತುಂಬಿದ ಕ್ಯಾನನ್ನು ಮೂರು ಸಲ ತೂಗಿ ಮೂರು ಸಲವೂ ಒಂದೇ ಬಂದ ಮೇಲೆ ಮಕ್ಕಳನ್ನು ಕರೆದೆವು.

ಮಧ್ಯಾಹ್ನ ಹೆಂಗಸರು ಕೆಂಪು ಮಣ್ಣಿನ ಕೈಯಲ್ಲೇ ಬಂದು ಸುತ್ತ ನಿಂತರು. ಅವರಲ್ಲಿ ಒಬ್ಬಳು, ಇಪ್ಪತ್ತೈದರ ಒಳಗಿನವಳು, ಕೂಸನ್ನು ಸೊಂಟದಲ್ಲಿಟ್ಟುಕೊಂಡು ದೂರದಲ್ಲೇ ನಿಂತಿದ್ದಳು.

"ಇಲ್ಗಂಟ ಅಳಿಯಕ್ ಬಂದ್ರಾ?" ಅಂದಳು. "ನಮ್ಮನ್ನ ಯಾರೂ ಇಲ್ಗಂಟ ಕೇಳ್ಕಂಡ್ ಬಂದಿರ್ನಿಲ್ಲ. ಅಳ್ದ್ರ ಏನಾದದು?"

ತರಬೇತಿಯಲ್ಲಿ ಇದಕ್ಕೊಂದು ಉತ್ತರ ಕಲಿಸುತ್ತೇವೆ: ಇದರಿಂದ ಮುಂದೆ ಎಲ್ಲ ಮಕ್ಕಳಿಗೂ ಉಪಯೋಗವಾಗುತ್ತದೆ. ಅದು ನನ್ನ ಬಾಯಿಗೆ ಬರಲಿಲ್ಲ. "ಗೊತ್ತಿಲ್ಲ ಕಣವ್ವ," ಅಂದೆ. "ನೀವು ಊರಲ್ಲಿಲ್ಲ ಅಂತ ನಿಮ್ಮ ಮಕ್ಕಳನ್ನ ಲೆಕ್ಕದಿಂದ ಬಿಟ್ಟುಬಿಟ್ಟಿದ್ದೀವಿ. ಅದಕ್ಕೆ ಬಂದೆ."

ಅವಳು ಒಂದು ಗಳಿಗೆ ನನ್ನನ್ನು ನೋಡಿ ಮುಂದೆ ಬಂದಳು. ಹೆಣ್ಣು ಕೂಸು, ಎರಡು ತುಂಬಿ ನಾಲ್ಕು ತಿಂಗಳು. ನಿಲ್ಲಿಸಿದರೆ ಹಿಮ್ಮಡಿ ಹಲಗೆಗೆ ತಾಗಲಿಲ್ಲ. ಅಳಲೂ ಇಲ್ಲ. ನಾನು ಎಷ್ಟೋ ವರ್ಷ ಅಳುವ ಮಕ್ಕಳನ್ನು ಅಳೆದಿದ್ದೇನೆ. ಹಲಗೆಯ ಮೇಲೆ ಸುಮ್ಮನೆ ನಿಲ್ಲುವ ಮಗುವನ್ನು ಕಂಡರೆ ನನಗೆ ಭಯ. ತೋಳಿನ ಪಟ್ಟಿ ಸುತ್ತಿದೆ. ಗುರುತು ಅಪಾಯದ ಕೆಂಪು ಭಾಗದಲ್ಲಿ ನಿಂತಿತು. ಪಾದದ ಮೇಲೆ ಹೆಬ್ಬೆರಳಿಟ್ಟು ಒತ್ತಿ ತೆಗೆದೆ. ಒತ್ತಿದ ಗುಳಿ ಹಾಗೇ ಉಳಿಯಿತು. ನೀರು ತುಂಬಿತ್ತು.

ಅಳತೆಗಾರ ನನ್ನ ಮುಖ ನೋಡಿದ. ಇನ್ನೂ ಹತ್ತು ಮಕ್ಕಳು ಸಾಲಿನಲ್ಲಿದ್ದವು. ಊಟದ ಹೊತ್ತು ಮುಗಿದರೆ ಹೆಂಗಸರು ಹೊಲಕ್ಕೆ ಇಳಿಯುತ್ತಾರೆ, ಮಾರನೆಯ ದಿನ ಮೂರನೇ ಹೊಲ, ಅಲ್ಲಿಗೆ ರಜೆ ಮುಗಿಯಿತು. ಅಳತೆಯನ್ನು ನಿಲ್ಲಿಸಿದರೆ ನನ್ನ ಕೈಗೆ ಸಿಗುವ ಅಂಕಿ ಯಾರೂ ಲೆಕ್ಕಕ್ಕಿಡದಷ್ಟು ಕಡಿಮೆಯಾಗುತ್ತಿತ್ತು. ನಿಲ್ಲಿಸಿದೆ. ಮೇಸ್ತ್ರಿ ಜೀಪು ತೆಗೆದ. ತಾಯಿ, ಕೂಸು, ನಾನು ಹತ್ತಿರದ ಆಸ್ಪತ್ರೆಗೆ ಹೋದೆವು. ಅಲ್ಲಿನ ವೈದ್ಯೆ ನಮ್ಮ ಭಾಷೆ ಬಾರದಿದ್ದರೂ ಒಂದು ಪ್ರಶ್ನೆಯನ್ನೂ ಹೆಚ್ಚಿಗೆ ಕೇಳದೆ ದಾಖಲು ಮಾಡಿಕೊಂಡರು. ಯಾವ ಜಿಲ್ಲೆಯ ಮಗು ಎಂದು ಅವರು ಕೇಳಲಿಲ್ಲ.

ಹಾಸಿಗೆಯ ಪಕ್ಕ ಕೂತಾಗ ತಾಯಿ ಕೇಳಿದಳು: "ಎತ್ರ ಎಷ್ಟಿದ್ದಳ? ಹೇಳ್ನೇ ಇಲ್ವಲ್ಲ."

ಅಳತೆಯ ಅರ್ಥವನ್ನು ತಾಯಂದಿರಿಗೆ ಬಿಡಿಸಿ ಹೇಳುವ ಹಾಗಿಲ್ಲ. ಅದೂ ನಿಯಮ. "ಕಮ್ಮಿ ಅವ್ಳೆ ಕಣವ್ವ," ಅಂದೆ. "ಅವಳ ವಯಸ್ಸಿನವರು ಇಷ್ಟಿರಬೇಕು," ಎಂದು ಗಾಳಿಯಲ್ಲಿ ಕೈ ಹಿಡಿದು ತೋರಿಸಿದೆ. ಅವಳು ನನ್ನ ಕೈಯನ್ನೂ ಹಾಸಿಗೆಯ ಮೇಲಿನ ಕೂಸನ್ನೂ ನೋಡಿದಳು. "ಮದ್ಲೇ ಯಾರಾರ ಅಂದಿದ್ರ..." ಅಂದು ಸೆರಗಿನಿಂದ ಮುಖ ಒರೆಸಿಕೊಂಡಳು.

ಅತ್ತ ಅಳತೆಗಾರ ಸುಮ್ಮನಿರಲಿಲ್ಲ. ನಾನು ಕಲಿಸಿದಂತೆಯೇ, ಮಕ್ಕಳನ್ನು ಹಿಡಿಯುವುದನ್ನು ಮೇಸ್ತ್ರಿಯ ಹೆಂಡತಿಗೆ ನಾಲ್ಕೈದು ಸಲ ಮಾಡಿ ತೋರಿಸಿ, ಉಳಿದ ಹತ್ತೂ ಮಕ್ಕಳನ್ನು ಎರಡೆರಡು ಸಲ ಅಳೆದು ಬರೆದಿಟ್ಟಿದ್ದ. ಮಾರನೆಯ ದಿನದ ಮೂರನೇ ಹೊಲವೂ ಸೇರಿ ಬೀಗದ ಮನೆಗಳಲ್ಲಿ ಹದಿನೇಳರ ಮಕ್ಕಳು ಸಿಕ್ಕಿದರು. ಮೂವತ್ತೊಂದರಲ್ಲಿ ಹದಿನೇಳು. ವಾಪಸ್ ಬಂದು ಆ ಅಳತೆಗಳನ್ನು ಬದಲಿ ಮನೆಗಳ ಜಾಗದಲ್ಲಿಟ್ಟು ನೋಡಿದೆ. ಗುಂಡ್ಲುಪೇಟೆಯ ಸರಾಸರಿ ಇಳಿದು, ನಾಲ್ಕು ವರ್ಷದ ಹಿಂದೆ ಇದ್ದಲ್ಲಿಗೆ ಹೆಚ್ಚು ಕಡಿಮೆ ಬಂದು ನಿಂತಿತು.

ಸಭೆ ಚಾಮರಾಜನಗರದಲ್ಲಿ ನಡೆಯಿತು. ವರದಿ ಪಡೆಯಬೇಕಾದ ಹಿರಿಯ ಅಧಿಕಾರಿ, ಹೆಂಗಸು, ಮೇಜಿನ ತುದಿಯಲ್ಲಿದ್ದರು. ಪ್ರಮಾಣಪತ್ರಕ್ಕೆ ಸಹಿ ಮಾಡುವುದಿಲ್ಲ ಎಂದು ನಾನು ಹೇಳಿದೆ. ಕಾರಣವನ್ನೂ ಹೇಳಿದೆ.

ನಿರ್ದೇಶಕರು ಎದ್ದರು. "ಇವರು ತಂದ ಅಳತೆಗಳನ್ನು ಒಪ್ಪಲಾಗದು. ಅನುಮತಿ ಇಲ್ಲ, ಬೇರೆ ರಾಜ್ಯ, ಬೇರೆ ತಿಂಗಳು, ಒಬ್ಬ ಸಹಾಯಕಿಗೆ ತರಬೇತಿಯೇ ಇಲ್ಲ."

"ಒಪ್ಪಬೇಡಿ," ಅಂದೆ. "ಗುಂಡ್ಲುಪೇಟೆ ಕೆಳಗಿದೆ ಅಂತ ಬರೆಯಿರಿ ಎಂದು ನಾನು ಕೇಳ್ತಿಲ್ಲ. ಮೇಲಿದೆ ಅಂತ ಬರೆಯಬೇಡಿ ಅಂತಿದ್ದೀನಿ. ನಮಗೆ ಗೊತ್ತಿಲ್ಲ. ಗೊತ್ತಿಲ್ಲ ಅಂತ ಬರೆಯಿರಿ."

ಅಧಿಕಾರಿ ಒಂದು ಹಾಳೆಯನ್ನು ಹತ್ತಿರ ಎಳೆದುಕೊಂಡು ಷರಾ ಓದಿದರು. ಇನ್ನೊಂದು ಹಾಳೆ. ಇನ್ನೊಂದು. "ಇಷ್ಟು ಸ್ಪಷ್ಟವಾಗಿ ಬರೆದಿದ್ದಾರಲ್ಲ. ನಿಮ್ಮ ಕಚೇರಿಯಲ್ಲಿ ಇದನ್ನ ಯಾರು ಓದಿದ್ರು?" ಎಂದು ಕೇಳಿದರು.

ಹೋಲಿಕೆಯಿಂದ ಗುಂಡ್ಲುಪೇಟೆಯನ್ನು ತೆಗೆಯುವುದು, ಮೊಟ್ಟೆ ಹಾಲು ಮುಂದಿನ ಅಳತೆಯ ತನಕ ನಿಲ್ಲಿಸದಿರುವುದು ಎಂದು ತೀರ್ಮಾನವಾಯಿತು. ಗೆದ್ದೆವೆಂದು ಹೊರಗೆ ಬಂದೆ. ಮೂರು ದಿನದ ಮೇಲೆ ತಿದ್ದಿದ ಪುಟ ಬಂತು. ಗುಂಡ್ಲುಪೇಟೆಯ ಸಾಲಿನಲ್ಲಿ ಒಂದು ಅಡ್ಡಗೆರೆ. ಅದರ ಕೆಳಗೆ: ಕ್ಷೇತ್ರ ಸಿಬ್ಬಂದಿಯ ಲೋಪದಿಂದಾಗಿ ಅಂಕಿಗಳನ್ನು ಕೈಬಿಡಲಾಗಿದೆ.

ಮೂವತ್ತೊಂದು ಸಲ ನಿಜ ಬರೆದವನ ತಲೆಗೆ ಕಟ್ಟಿದ್ದರು! ನಿರ್ದೇಶಕರಿಗೆ ಫೋನ್ ಮಾಡಿದೆ.

"ಲೋಪ ಯಾರದು ಸರ್? ಅವನದ್ದಾ?"

"ಯಾರ ಹೆಸರೂ ಇಲ್ಲವಲ್ಲ ಅದರಲ್ಲಿ."

"ಗುಂಡ್ಲುಪೇಟೆಯಲ್ಲಿ ಅಳೆದವನು ಒಬ್ಬನೇ. ಹೆಸರು ಯಾಕೆ ಬೇಕು? ನಾಳೆ ಅವನಿಗೆ ಯಾರು ಕೆಲಸ ಕೊಡ್ತಾರೆ? ಸುಗ್ಗಿಲಿ ಅಳೆಯೋಣ ಅಂದವರು ನಾವು. ಷರಾಕ್ಕೆ ಜಾಗ ಬೇಡ ಅಂದವರು ನಾವು. ಬದಲಿ ಮನೆ ನಿಯಮ ಕಲಿಸಿದವಳು ನಾನು. ಲೋಪ ಅಂತ ಬರೆಯೋದಾದರೆ ನನ್ನ ಹೆಸರು, ನಿಮ್ಮ ಹೆಸರು ಬರೆಯಿರಿ. ಇಲ್ಲದಿದ್ದರೆ ಈ ಪುಟವನ್ನೂ ಆ ಮೂವತ್ತೊಂದು ಹಾಳೆಯ ನಕಲನ್ನೂ ನಾಳೆ ಬೆಳಿಗ್ಗೆ ಆ ಅಧಿಕಾರಿಯ ಮೇಜಿನ ಮೇಲಿಟ್ಟು ಬರ್ತೀನಿ."

"ಹಾಗಾದ್ರೆ ಏನು ಬರೀಬೇಕು, ನೀವೇ ಹೇಳಿ," ಅಂದರು. ಹೇಳಿದೆ. ಬರೆದುಕೊಂಡರು. ಮುಂದಿನ ಸುತ್ತಿಗೆ ನನ್ನನ್ನು ಕರೆಯುವುದಿಲ್ಲ ಎಂಬುದು ಅವರ ದನಿಯಲ್ಲೇ ಗೊತ್ತಾಯಿತು. ಕರೆಯಲೂ ಇಲ್ಲ. ಅಳತೆಗಾರನನ್ನು ಮಾತ್ರ ಕರೆದರು.

ಯುಗಾದಿ ಕಳೆದ ಮೇಲೆ ಅಚ್ಚಾದ ಪುಸ್ತಕ ಬಂತು. ನುಣುಪು ಕಾಗದ, ಮುಖಪುಟದಲ್ಲಿ ನಗುವ ಮಗು. ಒಂದು ಪ್ರತಿಯನ್ನು ಗುಂಡ್ಲುಪೇಟೆಯ ಆ ಅಂಗನವಾಡಿಗೆ ತೆಗೆದುಕೊಂಡು ಹೋದೆ. ಕುಟುಂಬಗಳೆಲ್ಲ ವಾಪಸ್ಸಾಗಿದ್ದವು, ಮಕ್ಕಳು ತುಂಬಿದ್ದರು. ಶುಂಠಿ ಹೊಲದ ತಾಯಿಯೂ ಇದ್ದಳು. ಅವಳ ಕೂಸು ನನ್ನನ್ನು ಕಂಡದ್ದೇ ಬಾಯಿ ತೆರೆದು ಜೋರಾಗಿ ಅತ್ತಿತು. ತಾಯಿ, ಕೂಸು ಆಸ್ಪತ್ರೆಯಲ್ಲಿ ಹದಿನೈದು ದಿನ ಇದ್ದು ಬಂದಿದ್ದರಂತೆ.

ಕಾರ್ಯಕರ್ತೆ ಪುಟ ತಿರುವಿ, ಅಡ್ಡಗೆರೆಯ ಕೆಳಗಿನದನ್ನು ಕಣ್ಣಿಗೆ ಹತ್ತಿರ ಹಿಡಿದು ಎಲ್ಲರಿಗೂ ಕೇಳುವಂತೆ ಓದಿದರು: "ಅಳತೆ ನಡೆದಾಗ ಈ ಊರುಗಳ ಅತಿ ಬಡ ಕುಟುಂಬಗಳು ಕೂಲಿಗಾಗಿ ಜಿಲ್ಲೆಯ ಹೊರಗಿದ್ದವು. ಅವರ ಮಕ್ಕಳನ್ನು ನಾವು ಅಳೆದಿಲ್ಲ."

"ಅಂಗಂತ ಬರ್ದವ್ರಾ? ಬುಕ್ಕಲ್ಲಿ?" ಎಂದು ಆ ತಾಯಿ ಎದ್ದು ಬಂದಳು. ಅವಳಿಗೆ ಓದಲು ಬಾರದು. ಎಲ್ಲಿದೆ ಎಂದು ಕೇಳಿದಳು. ಬೆರಳಿಟ್ಟು ತೋರಿಸಿದೆ. ಪುಟದ ಮೇಲಿನ ದಪ್ಪ ತಲೆಬರಹವನ್ನು ನೋಡಿದಳು, ಕೋಷ್ಟಕದ ಅಂಕಿಗಳನ್ನು ನೋಡಿದಳು, ಬಗ್ಗಿ ಎಲ್ಲಕ್ಕಿಂತ ಕೆಳಗಿದ್ದ ಆ ಎರಡು ಸಾಲನ್ನು ನೋಡಿದಳು.

"ನಮ್ ಮಕ್ಳುದ್ ಮಾತ್ರ," ಅಂದಳು, "ಇಷ್ಟು ಸಣ್ಣಕ್ಷರದಲ್ಲಾ?"